ಒಡನಾಡಿಯ ಮರಳುವಿಕೆ ಮತ್ತು ಅಭಿಮಾನಿಗಳ ತಕರಾರು

ಬ್ರಿಟನ್ನಿನ ಬಿಬಿಸಿ ಟಿ.ವಿ.ಯಲ್ಲಿ 1963ರ ನವೆಂಬರ್ 23ರಂದು ಆರಂಭವಾದ 'ಡಾಕ್ಟರ್ ಹೂ' ವೈಜ್ಞಾನಿಕ ಕಲ್ಪನೆಯ ಧಾರಾವಾಹಿಗಳಲ್ಲಿ ಬಹು ದೀರ್ಘಕಾಲ ಬಾಳಿದ ಒಂದು. ಕನ್ನಡದ ಓದುಗರಲ್ಲಿ ಇದನ್ನು ನೋಡಿದವರು ಹೆಚ್ಚಿರಲಾರರು. ಆದ್ದರಿಂದ ಕಥೆಯ ಹಂದರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 'ಡಾಕ್ಟರ್' ಎಂದಷ್ಟೇ ಕರೆಸಿಕೊಳ್ಳುವ ಅನ್ಯಗ್ರಹದ ಜೀವಿಯೊಂದು ಇದರ ನಾಯಕ. ಹೊರಗಿನಿಂದ ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯಂತೆ ಕಾಣುವ, ಒಳಗೆ ಅರಮನೆಯಷ್ಟು ವಿಶಾಲವಾದ 'ಟಾರ್ಡಿಸ್' ಎಂಬ ಯಂತ್ರದಲ್ಲಿ ಆತ ದೇಶ ಕಾಲಗಳನ್ನು ದಾಟಿ ಅಲೆಯುತ್ತಾನೆ. ಸಾವು ಹತ್ತಿರವಾದಾಗ ಮುಖ, ದೇಹ, ಸ್ವಭಾವಗಳನ್ನು ಬದಲಿಸಿಕೊಂಡು ಮತ್ತೆ ಬದುಕುತ್ತಾನೆ. ನಟರು ಬದಲಾದರೂ ನಾಯಕ ಅವನೇ ಆಗಿ ಉಳಿಯಲು ಕಂಡುಕೊಂಡ ಉಪಾಯವಿದು.

ಆದರೆ ಈ ಡಾಕ್ಟರ್ ಒಬ್ಬನೇ ಅಲೆಯುವುದು ಅಪರೂಪ. ಭೂಮಿಯ ಯಾರಾದರೊಬ್ಬರು, ಬಹುಪಾಲು ಒಬ್ಬ ತರುಣಿ, ಅವನ ಜೊತೆಗಿರುತ್ತಾರೆ. ಇವರನ್ನು ನಾವು ಒಡನಾಡಿ ಎಂದು ಕರೆಯೋಣ. ನೋಡುಗರ ಪರವಾಗಿ ಬೆರಗುಪಡುವುದು, ಪ್ರಶ್ನೆ ಕೇಳುವುದು, ಹೆದರುವುದು, ಕೆಲವೊಮ್ಮೆ ಡಾಕ್ಟರನ ಅಹಂಕಾರಕ್ಕೆ ಲಗಾಮು ಹಾಕುವುದು ಒಡನಾಡಿಯ ಕೆಲಸ. ಎರಡು ಮೂರು ವರ್ಷಗಳಲ್ಲಿ ನಟಿ ಬೇರೆ ಕೆಲಸಕ್ಕೆ ಹೋಗುತ್ತಾಳೆ, ಪಾತ್ರ ಇಳಿದುಹೋಗುತ್ತದೆ, ಮುಂದಿನ ಕಂತಿಗೆ ಇನ್ನೊಬ್ಬಳು ಹತ್ತುತ್ತಾಳೆ. ಹಲವು ದಶಕಗಳ ಕಾಲ ಇಳಿದುಹೋದವರ ಕಡೆಗೆ ಧಾರಾವಾಹಿ ಹಿಂದಿರುಗಿ ನೋಡಿದ್ದು ಬಹಳ ಕಡಿಮೆ. ಹಿಂದಿರುಗಿ ನೋಡಿದವರು ಅಭಿಮಾನಿಗಳು. ನಕ್ಷತ್ರಗಳ ನಡುವೆ ಓಡಾಡಿ ಬಂದ ಒಬ್ಬಳು ಮರುದಿನ ಬೆಳಿಗ್ಗೆ ಎದ್ದು ಏನು ಮಾಡಿದಳು? ಯಾರಿಗೆ ಹೇಳಿಕೊಂಡಳು? ಯಾರು ನಂಬಿದರು? ಈ ಪ್ರಶ್ನೆಗಳನ್ನು ಅವರು ಬಿಟ್ಟುಕೊಡಲಿಲ್ಲ.

ಹಳೆಯ ಒಡನಾಡಿಯೊಬ್ಬಳು ಮತ್ತೆ ಬರುತ್ತಾಳೆ ಎಂಬ ಸುದ್ದಿ ಬಂದಾಗಲೆಲ್ಲ ಅಭಿಮಾನಿಗಳ ನಡುವೆ ಏಳುವ ವಾದವಿವಾದ ನಮಗೆ ಕುತೂಹಲಕಾರಿಯಾಗಿ ಕಾಣುತ್ತದೆ. ಹೊರಗಿನವರು ಇದನ್ನು ಬಾಲ್ಯದ ಹಂಬಲವೆಂದು ತಳ್ಳಿಹಾಕುವುದುಂಟು. ನಮಗೆ ಹಾಗೆ ಅನ್ನಿಸುವುದಿಲ್ಲ. ಇದರೊಳಗೆ ನ್ಯಾಯದ ಪ್ರಶ್ನೆಯೊಂದಿದೆ. ನಾಯಕನ ಪ್ರಯಾಣಕ್ಕಾಗಿ ಬಳಕೆಯಾಗಿ, ಆಮೇಲೆ ದಾರಿಯಲ್ಲಿ ಬಿಡಲ್ಪಟ್ಟವರಿಗೆ ಕಥೆ ಏನನ್ನು ಬಾಕಿ ಉಳಿಸಿಕೊಂಡಿದೆ ಎಂಬುದೇ ಆ ಪ್ರಶ್ನೆ. ಅದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆಯೂ ಇದೆ. ಈ ಬಾಕಿ ಯಾರ ವಿಷಯದಲ್ಲಿ ತೀರಿಸಲ್ಪಡುತ್ತದೆ, ಯಾರ ವಿಷಯದಲ್ಲಿ ಹಾಗೆಯೇ ಉಳಿಯುತ್ತದೆ?

ಸಾರಾ ಜೇನ್ ಸ್ಮಿತ್ ಎಂಬ ಪಾತ್ರದಿಂದ ಆರಂಭಿಸೋಣ. ಎಲಿಜಬೆತ್ ಸ್ಲೇಡನ್ ನಟಿಸಿದ ಈ ಪಾತ್ರ 1973ರ ಡಿಸೆಂಬರಿನಲ್ಲಿ ಧಾರಾವಾಹಿಗೆ ಬಂತು. ಆಕೆ ಪತ್ರಕರ್ತೆ. ಸುದ್ದಿಯ ಬೆನ್ನುಹತ್ತಿ ಟಾರ್ಡಿಸ್ ಒಳಗೆ ನುಸುಳಿದವಳು, ಯಾರ ಕರೆಗೂ ಕಾದವಳಲ್ಲ. ಹೆಣ್ಣುಮಕ್ಕಳ ಸಮಾನತೆಯ ಮಾತು ಬ್ರಿಟನ್ನಿನ ಮನೆಮನೆಗಳಲ್ಲಿ ಚರ್ಚೆಯಾಗುತ್ತಿದ್ದ ದಿನಗಳವು. ಕಿರುಚುವ ಹುಡುಗಿಯ ಜಾಗದಲ್ಲಿ ಎದುರು ಮಾತನಾಡುವ ಹುಡುಗಿಯನ್ನು ಇಡುವ ಪ್ರಯತ್ನ ಅದಾಗಿತ್ತು. ಬರವಣಿಗೆ ಈ ಉದ್ದೇಶವನ್ನು ಯಾವಾಗಲೂ ನಡೆಸಿಕೊಟ್ಟಿತು ಎನ್ನಲಾಗದು. ಆದರೆ ಸ್ಲೇಡನ್ ಅವರ ನಟನೆಯಲ್ಲಿದ್ದ ಲವಲವಿಕೆಯಿಂದ ಆ ಪಾತ್ರ ಒಂದು ತಲೆಮಾರಿನ ಮಕ್ಕಳ ಮನಸ್ಸಿನಲ್ಲಿ ನಿಂತಿತು.

1976ರ ಅಕ್ಟೋಬರ್ 23ರಂದು ಆಕೆ ಹೋದಳು. ಹೋದ ರೀತಿಯನ್ನು ಗಮನಿಸಬೇಕು. ತನ್ನ ಮಾತಿಗೆ ಡಾಕ್ಟರ್ ಕಿವಿಗೊಡುತ್ತಿಲ್ಲವೆಂದು ಮುನಿಸಿಕೊಂಡು ಆಕೆ ಸಾಮಾನು ಕಟ್ಟುತ್ತಾಳೆ. ಹೋಗಬೇಡ ಎನ್ನಲಿ ಎಂಬುದೇ ಆ ಮುನಿಸಿನ ಅರ್ಥ. ಆದರೆ ಅದೇ ಹೊತ್ತಿಗೆ ಡಾಕ್ಟರನಿಗೆ ತನ್ನ ಗ್ರಹದಿಂದ ಕರೆ ಬರುತ್ತದೆ. ಅಲ್ಲಿಗೆ ಮನುಷ್ಯರನ್ನು ಕರೆದೊಯ್ಯುವಂತಿಲ್ಲ. ಆಕೆಯ ಮನೆಯಿರುವ ಲಂಡನ್ನಿನ ಸೌತ್ ಕ್ರೊಯ್ಡನ್ ಎಂದು ಹೇಳಿ ಅವನು ಆಕೆಯನ್ನು ಇಳಿಸಿ ಹೊರಡುತ್ತಾನೆ. ಯಂತ್ರ ಮಾಯವಾದ ಮೇಲೆ ಸುತ್ತ ನೋಡಿದ ಸಾರಾಳಿಗೆ ಇದು ತನ್ನ ಬೀದಿಯಲ್ಲವೆಂದು ತಿಳಿಯುತ್ತದೆ. ಅಂದಿನ ನೋಡುಗರಿಗೆ ಅದೊಂದು ತಮಾಷೆ. ಸಾರಾ ನಗುತ್ತಾಳೆ, ಕಂತು ಮುಗಿಯುತ್ತದೆ, ಮುಂದಿನ ವಾರ ಡಾಕ್ಟರ್ ತನ್ನ ಗ್ರಹದ ರಾಜಕೀಯದಲ್ಲಿ ಮುಳುಗಿರುತ್ತಾನೆ. ಆದರೆ ಆ ತಮಾಷೆ ಕೆಲವರಿಗೆ ಮುಳ್ಳಿನಂತೆ ಉಳಿಯಿತು. ಕಾಲದ ಆದಿ ಅಂತ್ಯಗಳನ್ನು ಬಲ್ಲವನಿಗೆ ಜೊತೆಗಾರ್ತಿಯ ಮನೆಯ ವಿಳಾಸ ಗೊತ್ತಿರಲಿಲ್ಲವೇ?

ಆಕೆ ಮತ್ತೆ ಕಾಣಿಸಿಕೊಳ್ಳಲೇ ಇಲ್ಲವೆಂದಲ್ಲ. 1981ರ ಡಿಸೆಂಬರಿನಲ್ಲಿ ಕೆ-9 ಎಂಬ ಯಂತ್ರನಾಯಿಯ ಜೊತೆ ಒಂದೇ ಒಂದು ವಿಶೇಷ ಕಂತಿನಲ್ಲಿ ಬಂದಳು. 1983ರಲ್ಲಿ ಇಪ್ಪತ್ತನೇ ವರ್ಷದ ಸಂಭ್ರಮಕ್ಕೆಂದು ಮಾಡಿದ 'ದಿ ಫೈವ್ ಡಾಕ್ಟರ್ಸ್' ಕಥೆಯಲ್ಲೂ ಇದ್ದಳು. ಎರಡೂ ಹಬ್ಬದ ಬರುವಿಕೆಗಳು. ಮದುವೆ ಮನೆಗೆ ಬಂದ ದೂರದ ನೆಂಟರಂತೆ ಆಕೆ ಬಂದಳು, ಹೋದಳು. ಹೇಗಿದ್ದೀಯೆ ಎಂದು ಕೂರಿಸಿ ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

1989ರ ಡಿಸೆಂಬರಿನಲ್ಲಿ ಧಾರಾವಾಹಿಯೇ ನಿಂತುಹೋಯಿತು. 1996ರ ಒಂದು ಟಿ.ವಿ. ಚಿತ್ರವನ್ನು ಬಿಟ್ಟರೆ 2005ರ ಮಾರ್ಚ್‌ವರೆಗೆ ಅದು ತೆರೆಯ ಮೇಲೆ ಇರಲಿಲ್ಲ. ಈ ಹದಿನೈದು ವರ್ಷ ಅದನ್ನು ಜೀವಂತ ಇಟ್ಟವರು ಅಭಿಮಾನಿಗಳು. ಕಾದಂಬರಿಗಳನ್ನು ಬರೆದರು, ಧ್ವನಿನಾಟಕಗಳನ್ನು ಮಾಡಿದರು, ಪತ್ರಿಕೆಗಳಲ್ಲಿ ಜಗಳವಾಡಿದರು. ಇವರಿಗೆ ಇಂತಹ ಕಾಪುಗಾರಿಕೆ ಹೊಸದೇನಲ್ಲ. 1960ರ ದಶಕದ ಎಷ್ಟೋ ಕಂತುಗಳ ಟೇಪುಗಳನ್ನು ಬಿಬಿಸಿ ಅಳಿಸಿಹಾಕಿತ್ತು. ಟೇಪು ದುಬಾರಿ, ಹಳೆಯ ಕಂತು ಯಾರಿಗೆ ಬೇಕು ಎಂಬುದು ಅಂದಿನ ತರ್ಕ. ಆದರೆ ಟಿ.ವಿ.ಯ ಎದುರು ಟೇಪ್ ರೆಕಾರ್ಡರ್ ಇಟ್ಟು ಧ್ವನಿ ಹಿಡಿದುಕೊಂಡ ಹುಡುಗರಿದ್ದರು. ಅಳಿದುಹೋದ ಆ ಕಂತುಗಳ ಧ್ವನಿ ಇಂದು ಉಳಿದಿರುವುದು ಅವರಿಂದ. ಸಂಸ್ಥೆ ಮರೆತದ್ದನ್ನು ನೆನಪಿಟ್ಟುಕೊಂಡ ಈ ಜನರಿಗೆ, ಪಾತ್ರಗಳ ವಿಷಯದಲ್ಲೂ ಸಂಸ್ಥೆ ಮರೆತದ್ದನ್ನು ನೆನಪಿಸುವ ಹಕ್ಕು ತಮ್ಮದೆಂದು ಅನ್ನಿಸಿದರೆ ಆಶ್ಚರ್ಯವಿಲ್ಲ.

2005ರಲ್ಲಿ ಧಾರಾವಾಹಿಗೆ ಮರುಜೀವ ಕೊಟ್ಟ ರಸೆಲ್ ಟಿ. ಡೇವಿಸ್ ಇಂತಹ ಅಭಿಮಾನಿಗಳಲ್ಲೊಬ್ಬರು. ಹತ್ತನೆಯ ಡಾಕ್ಟರನಾಗಿ ನಟಿಸಿದ ಡೇವಿಡ್ ಟೆನೆಂಟ್ ಕೂಡ ಸಾರಾ ಜೇನ್‌ಳನ್ನು ಟಿ.ವಿ.ಯಲ್ಲಿ ನೋಡುತ್ತ ಬೆಳೆದ ಹುಡುಗ. ಹೀಗೆ ದೂರು ಹೇಳುತ್ತಿದ್ದವರೇ ಉತ್ತರ ಹೇಳಬೇಕಾದ ಜಾಗಕ್ಕೆ ಬಂದರು. 2006ರ ಏಪ್ರಿಲ್ 29ರಂದು ಪ್ರಸಾರವಾದ, ಟೋಬಿ ವಿಟ್‌ಹೌಸ್ ಬರೆದ 'ಸ್ಕೂಲ್ ರಿಯೂನಿಯನ್' ಆ ಉತ್ತರ.

ಕಥೆಯ ಮೇಲುಹೊದಿಕೆ ಸರಳ. ಒಂದು ಶಾಲೆಯಲ್ಲಿ ಮಕ್ಕಳು ಅಸಹಜವಾಗಿ ಬುದ್ಧಿವಂತರಾಗುತ್ತಿದ್ದಾರೆ. ಅನ್ಯಗ್ರಹದವರು ಮಾಸ್ತರರ ವೇಷದಲ್ಲಿ ಸೇರಿಕೊಂಡಿದ್ದಾರೆ. ಡಾಕ್ಟರ್ ಮತ್ತು ಅವನ ಹೊಸ ಒಡನಾಡಿ ರೋಸ್ ಅಲ್ಲಿಗೆ ಬಂದರೆ, ಅದೇ ಸುದ್ದಿಯ ಬೆನ್ನುಹತ್ತಿ ಸಾರಾ ಜೇನ್ ಕೂಡ ಬಂದಿರುತ್ತಾಳೆ. ಅವನ ಮುಖ ಬದಲಾಗಿದೆ, ಆಕೆಗೆ ಗುರುತಿಲ್ಲ. ಆಕೆಗೆ ವಯಸ್ಸಾಗಿದೆ, ಅವನಿಗೆ ಗುರುತಿದೆ. ಮುಂದೆ ಗುರುತು ಸಿಕ್ಕಾಗ ಆಕೆ ಮೂವತ್ತು ವರ್ಷದ ಮಾತನ್ನು ಕೇಳುತ್ತಾಳೆ. ಕಾದಿದ್ದೆ, ನೀನೇಕೆ ಬರಲಿಲ್ಲ? ನೀನು ನನ್ನನ್ನು ಇಳಿಸಿದ್ದು ಕ್ರೊಯ್ಡನ್ನಿನಲ್ಲಲ್ಲ, ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಎಂದು ಹೇಳುತ್ತಾಳೆ. 1976ರ ನಗು ಇಲ್ಲಿ ಆರೋಪಪಟ್ಟಿಯ ಮೊದಲ ಅಂಶವಾಗುತ್ತದೆ. ಲಂಡನ್ನಿನಿಂದ ಅಬರ್ಡೀನ್ ನೂರಾರು ಮೈಲಿ. ಹಳೆಯ ತಮಾಷೆಯ ಒಳಗೆ ಅಷ್ಟು ದೂರ ಒಬ್ಬಂಟಿಯಾಗಿ ಮನೆಗೆ ಹೋಗಬೇಕಾದ ಹೆಣ್ಣೊಬ್ಬಳಿದ್ದಳು ಎಂಬುದನ್ನು ಅಭಿಮಾನಿಯಾಗಿದ್ದ ಬರಹಗಾರರು ಮಾತ್ರ ಕಾಣಬಲ್ಲರು.

ಡಾಕ್ಟರನ ಉತ್ತರವೂ ಗಮನಾರ್ಹ. ನೀವು ಮುಪ್ಪಾಗುತ್ತೀರಿ, ಸಾಯುತ್ತೀರಿ, ನಾನು ನೋಡುತ್ತ ಉಳಿಯಬೇಕು ಎಂಬ ಅರ್ಥದ ಮಾತನ್ನು ಅವನು ರೋಸ್‌ಗೆ ಹೇಳುತ್ತಾನೆ. ಕರುಣೆ ಹುಟ್ಟಿಸುವ ಮಾತು. ಆದರೆ ಬಲವುಳ್ಳವರು ಬಿಟ್ಟುಹೋಗುವಾಗ ಕೊಡುವ ಕಾರಣಗಳು ಸಾಮಾನ್ಯವಾಗಿ ಹೀಗೆಯೇ ಇರುತ್ತವೆ. ನೋವು ತಮ್ಮದೇ ಹೆಚ್ಚಿನದು ಎಂಬಂತೆ. ಈ ಕಂತಿನ ಹಿರಿಮೆಯೆಂದರೆ ಆ ಕಾರಣವನ್ನು ಕೊನೆಯ ಮಾತಾಗಲು ಬಿಡದಿರುವುದು. ಕೊನೆಯಲ್ಲಿ ಜೊತೆಗೆ ಬಾ ಎಂದು ಕರೆದಾಗ ಸಾರಾ ಒಪ್ಪುವುದಿಲ್ಲ. ಆಕೆ ಕೇಳುವುದು ಒಂದನ್ನೇ. ಈ ಸಲ ವಿದಾಯವನ್ನು ಬಾಯಿಬಿಟ್ಟು ಹೇಳು. ಅವನು ಹೇಳುತ್ತಾನೆ. ಕೂಡಿ ಬಾಳಿದವರು ಒಂದು ಸಲಾಮನ್ನೂ ಹೇಳದೆ ಎದ್ದು ಹೋಗುವುದು ಅಗೌರವವೆಂದು ತಿಳಿದ ನಮ್ಮಂಥವರಿಗೆ ಈ ಕೇಳಿಕೆಯ ತೂಕ ವಿವರಿಸಬೇಕಾಗಿಲ್ಲ.

ಇದರ ಬಗ್ಗೆ ಅಭಿಮಾನಿಗಳಲ್ಲಿ ಎರಡು ಬಲವಾದ ತಕರಾರುಗಳಿವೆ. ಮೊದಲನೆಯದು, ಸ್ವತಂತ್ರಳಾಗಿದ್ದ ಪತ್ರಕರ್ತೆಯನ್ನು ಮೂವತ್ತು ವರ್ಷ ಗಂಡಸೊಬ್ಬನ ದಾರಿ ಕಾಯ್ದವಳನ್ನಾಗಿ ಮಾಡಿದ್ದು ಆ ಪಾತ್ರಕ್ಕೆ ಮಾಡಿದ ಅವಮಾನ ಎಂಬುದು. ರೋಸ್ ಮತ್ತು ಸಾರಾ ಸವತಿಯರಂತೆ ಕಿತ್ತಾಡುವ ದೃಶ್ಯಗಳನ್ನು ಅವರು ಉದಾಹರಿಸುತ್ತಾರೆ. ತಕರಾರಿನಲ್ಲಿ ಹುರುಳಿದೆ. 1970ರ ದಶಕದಲ್ಲಿ ಅವರದು ಗೆಳೆತನವಾಗಿತ್ತು. 2006ರ ಬರವಣಿಗೆ ಅದರೊಳಗೆ ಪ್ರೇಮವನ್ನು ತುಂಬಿಸಿ ಓದುತ್ತದೆ. ಗೆಳೆತನ ಮುರಿದರೂ ಮನುಷ್ಯ ಮೂವತ್ತು ವರ್ಷ ನೋಯಬಹುದು, ಅದಕ್ಕೆ ಪ್ರೇಮದ ಹಣೆಪಟ್ಟಿ ಬೇಕಿಲ್ಲ ಎಂಬ ಧೈರ್ಯ ಬರಹಗಾರರಿಗೆ ಇರಬೇಕಿತ್ತು. ಆದರೆ ಮುಂದೆ ನಡೆದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. 2007ರ ಜನವರಿ 1ರಂದು 'ದಿ ಸಾರಾ ಜೇನ್ ಅಡ್ವೆಂಚರ್ಸ್' ಎಂಬ ಪ್ರತ್ಯೇಕ ಮಕ್ಕಳ ಧಾರಾವಾಹಿ ಆರಂಭವಾಯಿತು. ಅರವತ್ತರ ಹೆಣ್ಣೊಬ್ಬಳು ಮಕ್ಕಳ ಸಾಹಸಕಥೆಯ ನಾಯಕಿ. ಆಕೆಯ ನೆರೆಮನೆಗೆ ಬಂದ ಭಾರತೀಯ ಮೂಲದ ಹುಡುಗಿ ರಾಣಿ ಚಂದ್ರಾಳಿಗೆ ಆಕೆಯಂತೆ ಪತ್ರಕರ್ತೆಯಾಗುವ ಆಸೆ. ಕಾಯುವುದನ್ನು ಬಿಟ್ಟು ಆಕೆ ತನ್ನ ಮನೆಯನ್ನೇ ಹೊರಡುವ ತಾಣವನ್ನಾಗಿ ಮಾಡಿಕೊಂಡಳು. 2011ರ ಏಪ್ರಿಲ್ 19ರಂದು ಸ್ಲೇಡನ್ ತೀರಿಕೊಂಡಾಗ ಬ್ರಿಟನ್ನಿನಲ್ಲಿ ದುಃಖಪಟ್ಟವರಲ್ಲಿ ನಲವತ್ತು ದಾಟಿದವರೂ ಇದ್ದರು, ಹತ್ತು ತುಂಬದವರೂ ಇದ್ದರು.

ಎರಡನೆಯ ತಕರಾರು, ಇದೆಲ್ಲ ಹಳೆಯ ಅಭಿಮಾನಿಗಳ ಓಲೈಕೆ ಎಂಬುದು. ಹಿಂದಿನ ಕಥೆ ಗೊತ್ತಿಲ್ಲದ ಹೊಸ ನೋಡುಗರ ಮೇಲೆ ಹಳಬರ ನೆನಪಿನ ಹೊರೆ ಹೇರುವುದೇಕೆ ಎಂದು ಅವರು ಕೇಳುತ್ತಾರೆ. ಓಲೈಕೆ ಎಂಬ ಪದ ನಮ್ಮ ಕಿವಿಗೆ ಬೇರೆ ಕಡೆಯಿಂದಲೂ ಬಿದ್ದಿದೆ. ಕರ್ನಾಟಕದಲ್ಲಿ ಯಾರಾದರೂ ತಮಗೆ ಸಲ್ಲಬೇಕಾದುದನ್ನು ಕೇಳಿ ಪಡೆದಾಗ, ಕೊಟ್ಟವರ ಮೇಲೆ ಓಲೈಕೆಯ ಆಪಾದನೆ ಬರುವುದು ನಮಗೆ ಹೊಸತಲ್ಲ. ಆದ್ದರಿಂದ ಓಲೈಕೆ ಯಾವುದು, ಸಲ್ಲಿಕೆ ಯಾವುದು ಎಂದು ಬೇರ್ಪಡಿಸಿ ನೋಡುವುದು ಅಗತ್ಯ. ಹಳೆಯ ಮುಖವನ್ನು ತೋರಿಸಿ ಚಪ್ಪಾಳೆ ಗಿಟ್ಟಿಸುವುದು ಓಲೈಕೆ. ಹಳೆಯ ಪಾತ್ರಕ್ಕೆ ಮಾತನಾಡಲು ಅವಕಾಶ ಕೊಟ್ಟು, ಅದರ ಮಾತಿನಿಂದ ನಾಯಕ ಬದಲಾಗುವಂತೆ ಮಾಡುವುದು ಸಲ್ಲಿಕೆ. 1983ರ ಸಾರಾ ಮೊದಲನೆಯದಕ್ಕೆ ಉದಾಹರಣೆ, 2006ರ ಸಾರಾ ಎರಡನೆಯದಕ್ಕೆ. ಹೊಸ ನೋಡುಗರಿಗೂ ಆ ಕಂತು ಅರ್ಥವಾಯಿತು. ಬಿಟ್ಟುಹೋಗಲ್ಪಟ್ಟವರ ನೋವು ತಿಳಿಯಲು ಹಳೆಯ ಕಂತುಗಳ ಪಟ್ಟಿ ಬೇಕಾಗುವುದಿಲ್ಲ.

ಈ ಅಳತೆಗೋಲನ್ನು ಹಿಡಿದು ಉಳಿದ ಮರಳುವಿಕೆಗಳನ್ನು ನೋಡಬಹುದು. 2010ರ ಅಕ್ಟೋಬರಿನಲ್ಲಿ ಸಾರಾಳ ಧಾರಾವಾಹಿಯ ಒಂದು ಕಥೆಗೆ, 1973ರಲ್ಲಿ ಮದುವೆಯಾಗಿ ಹೊರಟುಹೋಗಿದ್ದ ಜೋ ಬಂದಳು. ನನ್ನನ್ನೇಕೆ ನೋಡಲು ಬರಲಿಲ್ಲ ಎಂದು ಆಕೆಯೂ ಕೇಳಿದಳು. ಅದೇ ಕಥೆಯ ಕೊನೆಯಲ್ಲಿ ಇತರ ಹಳೆಯ ಒಡನಾಡಿಗಳು ಎಲ್ಲೆಲ್ಲಿದ್ದಾರೆಂದು ಸಾರಾ ಹೇಳುತ್ತಾಳೆ. ಒಬ್ಬಳು ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಕ್ಕಿಗಾಗಿ ಹೋರಾಡುತ್ತಿದ್ದಾಳೆ, ಇಬ್ಬರು ಭಾರತದಲ್ಲಿ ಅನಾಥಾಲಯ ನಡೆಸುತ್ತಿದ್ದಾರೆ. ಇದು ಹೆಸರುಗಳ ಪಟ್ಟಿಯಷ್ಟೇ. ಆದರೆ ನಕ್ಷತ್ರಲೋಕದಿಂದ ಮರಳಿದವರು ಭೂಮಿಯ ಮೇಲೆಯೇ ಮಾಡಬೇಕಾದ ಕೆಲಸ ಕಂಡುಕೊಂಡರು ಎಂಬ ಮಾತು ಅದರಲ್ಲಿದೆ.

ಡಾನಾ ನೋಬಲ್‌ಳ ಪ್ರಕರಣ ಇನ್ನೂ ಗಂಭೀರ. 2008ರ ಜುಲೈ 5ರ ಕಂತಿನಲ್ಲಿ ಆಕೆಯ ಜೀವ ಉಳಿಸಲೆಂದು ಡಾಕ್ಟರ್ ಆಕೆಯ ನೆನಪನ್ನು ಅಳಿಸುತ್ತಾನೆ. ಬೇಡ ಬೇಡವೆಂದು ಆಕೆ ಬೇಡಿಕೊಳ್ಳುತ್ತಿರುತ್ತಾಳೆ. ಕಚೇರಿಯಿಂದ ಕಚೇರಿಗೆ ತಾತ್ಕಾಲಿಕ ಗುಮಾಸ್ತೆಯಾಗಿ ಅಲೆಯುತ್ತ, ತಾನು ಯಾರಿಗೂ ಬೇಡದವಳೆಂದುಕೊಂಡಿದ್ದ ಹೆಣ್ಣಿಗೆ ತನ್ನ ಯೋಗ್ಯತೆ ತಿಳಿದದ್ದು ಆ ಪ್ರಯಾಣದಲ್ಲಿ. ಅದನ್ನೇ ಕಿತ್ತುಕೊಂಡರು. ನಾಯಕನ ದುಃಖವೆಂದು ಆ ಕಂತು ಬಣ್ಣಿಸಿದ್ದನ್ನು ಅನೇಕ ಅಭಿಮಾನಿಗಳು ಒಪ್ಪಲಿಲ್ಲ, ಆಕೆಯ ಒಪ್ಪಿಗೆ ಎಲ್ಲಿತ್ತು ಎಂದು ಕೇಳುತ್ತ ಬಂದರು. ಹದಿನೈದು ವರ್ಷಗಳ ನಂತರ, 2023ರ ನವೆಂಬರ್ 25ರಂದು ಅದೇ ಡೇವಿಸ್ ಬರೆದ ಕಂತಿನಲ್ಲಿ ಆಕೆಯ ನೆನಪು ಮರಳಿತು. ಆಕೆ ಸಾಯದೆ ಉಳಿದದ್ದಕ್ಕೆ ಕೊಟ್ಟ ಕಾರಣ ತೀರ ತೆಳುವಾಗಿತ್ತು. ಹದಿನೈದು ವರ್ಷದ ಗಂಟನ್ನು ಒಂದು ನಿಮಿಷದಲ್ಲಿ ಬಿಚ್ಚಿದರೆ ಗಂಟೇ ಸುಳ್ಳಾಗಿತ್ತೇ ಎಂಬ ಅನುಮಾನ ಬರುತ್ತದೆ. ಆದರೂ ಬರಹಗಾರ ತಾನೇ ಕಿತ್ತುಕೊಂಡದ್ದನ್ನು ತಾನೇ ಹಿಂದಿರುಗಿಸಿದ್ದು ಸಣ್ಣ ವಿಷಯವಲ್ಲ.

ಈಗ ನಮ್ಮ ಎರಡನೆಯ ಪ್ರಶ್ನೆಗೆ ಬರೋಣ. ಸಾರಾ, ಜೋ, ಡಾನಾ ಮೂವರೂ ಬಿಳಿಯರು. ಇವರಿಗೆ ಸಿಕ್ಕ ಆಲಿಕೆ ಉಳಿದವರಿಗೂ ಸಿಕ್ಕಿತೇ? 2007ರಲ್ಲಿ ಬಂದ ಮಾರ್ತಾ ಜೋನ್ಸ್ ವೈದ್ಯಕೀಯ ವಿದ್ಯಾರ್ಥಿನಿ, ಕಪ್ಪು ಹೆಣ್ಣುಮಗಳು. ಒಂದು ಕಥೆಯಲ್ಲಿ ಡಾಕ್ಟರ್ ತನ್ನ ನೆನಪನ್ನೇ ಮರೆಸಿಕೊಂಡು 1913ರ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಮಾಸ್ತರನಾಗಿ ಅಡಗಿರುವಾಗ, ಆಕೆ ಅಲ್ಲಿ ನೆಲ ತಿಕ್ಕುವ ಕೆಲಸದವಳಾಗಿ, ಬಣ್ಣದ ಕಾರಣಕ್ಕೆ ಚುಚ್ಚುಮಾತು ಕೇಳುತ್ತ ಅವನನ್ನು ಕಾಯುತ್ತಾಳೆ. ಆ ವರ್ಷದ ಕೊನೆಯ ಕಥೆಯಲ್ಲಿ ಒಂದು ವರ್ಷ ಭೂಮಿಯನ್ನು ಕಾಲ್ನಡಿಗೆಯಲ್ಲಿ ಸುತ್ತಿ ಅವನನ್ನೂ ಲೋಕವನ್ನೂ ಉಳಿಸುತ್ತಾಳೆ. ಇಷ್ಟಾದರೂ ರೋಸ್‌ಗೆ ಹೋಲಿಸಿ ಆಕೆಯನ್ನು ಕಡಿಮೆ ಎಂದು ತೂಗುವ ಕೆಲಸವನ್ನು ಡಾಕ್ಟರನೂ ಮಾಡಿದ, ಕೆಲವು ಅಭಿಮಾನಿಗಳೂ ಮಾಡಿದರು. ಮಾರ್ತಾ ತಾನೇ ನಿರ್ಧರಿಸಿ, ತನ್ನ ಮನೆಯವರಿಗೆ ತಾನು ಬೇಕೆಂದು ಹೇಳಿ ಹೊರಟಳು. 2008ರಲ್ಲಿ ಮರಳಿದಾಗ ಆಕೆ ವೈದ್ಯೆ, ಕೆಲಸದ ಮೇಲೆ ಬಂದವಳು. ಹಿಂದಿನ ವರ್ಷ ನಿನಗೆ ಮಾಡಿದ್ದು ತಪ್ಪು ಎಂದು ಕೂತು ಮಾತನಾಡುವ ಒಂದು ಇಡೀ ಕಂತು ಆಕೆಗೆ ಸಿಗಲಿಲ್ಲ. ಅದು ಸಿಗಬೇಕಿತ್ತೆಂದು ವಾದಿಸುವ ಅಭಿಮಾನಿಗಳಿದ್ದಾರೆ. ಅವರ ಮಾತು ಸರಿ ಎಂದೇ ನಮ್ಮ ಅಭಿಪ್ರಾಯ.

ಯಾಸ್ಮಿನ್ ಖಾನ್‌ಳ ವಿಷಯ ನಮಗೆ ಇನ್ನೂ ಹತ್ತಿರದ್ದು. ಮನ್‌ದೀಪ್ ಗಿಲ್ ನಟಿಸಿದ ಈ ಪಾತ್ರ 2018ರಿಂದ 2022ರವರೆಗೆ ಧಾರಾವಾಹಿಯಲ್ಲಿತ್ತು. ಶೆಫೀಲ್ಡ್ ನಗರದ ಪಾಕಿಸ್ತಾನಿ ಮೂಲದ ಮುಸ್ಲಿಂ ಮನೆಯ ಹುಡುಗಿ, ವೃತ್ತಿಯಲ್ಲಿ ಪೊಲೀಸ್. ಅಮೆರಿಕದ ರೋಸಾ ಪಾರ್ಕ್ಸ್ ಕುರಿತ ಕಂತಿನಲ್ಲಿ ಆಕೆ ತನ್ನ ಕಪ್ಪು ಗೆಳೆಯ ರಯಾನ್ ಜೊತೆ ಮಾತನಾಡುತ್ತ, ಮಸೀದಿಯಿಂದ ಮನೆಗೆ ಬರುವ ದಾರಿಯಲ್ಲಿ ತನ್ನನ್ನು ಭಯೋತ್ಪಾದಕಿ ಎಂದು ಕರೆಯುವುದನ್ನು ಹೇಳುತ್ತಾಳೆ. ಮಾತು ನಿಜ. ಆದರೆ ಆಕೆಯ ಮಸೀದಿ ನೋಡುಗರಿಗೆ ನೆನಪಿನಲ್ಲಿ ಉಳಿಯುವುದು ಬೈಗುಳ ಕೇಳುವ ದಾರಿಯ ಒಂದು ತುದಿಯಾಗಿ ಮಾತ್ರ. ಆ ಮಸೀದಿಯೊಳಗೆ ಆಕೆಗೆ ಏನು ಸಿಗುತ್ತಿತ್ತು ಎಂದು ತಿಳಿಯುವ ಆಸಕ್ತಿ ಕಥೆಗೆ ಇರಲಿಲ್ಲ.

ಇದಕ್ಕೆ ಒಂದು ದೊಡ್ಡ ಅಪವಾದವೆಂದರೆ 2018ರ ನವೆಂಬರ್ 11ರಂದು ಪ್ರಸಾರವಾದ, ವಿನಯ್ ಪಟೇಲ್ ಬರೆದ 'ಡೀಮನ್ಸ್ ಆಫ್ ದಿ ಪಂಜಾಬ್'. ತನ್ನ ನಾನಿ ಉಂಬ್ರೀನ್ ಕೊಟ್ಟ ಒಡೆದ ಕೈಗಡಿಯಾರದ ಗುಟ್ಟು ತಿಳಿಯಲು ಯಾಸ್ಮಿನ್ 1947ರ ಆಗಸ್ಟಿಗೆ ಹೋಗುತ್ತಾಳೆ. ಆ ಗಡಿಯಾರ ಪ್ರೇಮ್ ಎಂಬ ಹಿಂದೂ ಯುವಕನದು. ಉಂಬ್ರೀನಳ ಮೊದಲ ಗಂಡ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಹೋರಾಡಿ ಬದುಕಿ ಬಂದವನನ್ನು, ದೇಶ ವಿಭಜನೆಯ ಗೆರೆ ಬೀಳುತ್ತಿದ್ದಂತೆ, ತನ್ನ ತಮ್ಮನೇ ಕರೆತಂದ ಗುಂಪು ಕೊಲ್ಲುತ್ತದೆ. ರಾಕ್ಷಸರೆಂದು ಮೊದಲು ಕಂಡ ಅನ್ಯಗ್ರಹದವರು ರಾಕ್ಷಸರಾಗಿರುವುದಿಲ್ಲ. ಯಾರೂ ಇಲ್ಲದೆ ಸಾಯುವವರ ಬಳಿ ನಿಂತು ಸಾಕ್ಷಿಯಾಗುವುದನ್ನು ಅವರು ವ್ರತವಾಗಿ ಹಿಡಿದಿರುತ್ತಾರೆ. ಜನಾಝ ನಮಾಝಿಗೆ ಯಾರೊಬ್ಬರೂ ನಿಲ್ಲದಿದ್ದರೆ ಇಡೀ ಊರೇ ಹೊಣೆ ಎಂದು ನಂಬುವ ಓದುಗರಿಗೆ ಈ ಕಲ್ಪನೆ ತುಂಬ ಪರಿಚಿತವೆನಿಸುತ್ತದೆ. ಚಿತ್ರೀಕರಣ ನಡೆದದ್ದು ಸ್ಪೇನಿನಲ್ಲಿ, ಹಾಗಾಗಿ ಹೊಲ, ಬೆಟ್ಟಗಳಲ್ಲಿ ಪಂಜಾಬ್ ಕಾಣುವುದಿಲ್ಲ. ಆದರೆ ಗೆರೆ ಎಳೆದು ಹೊರಟುಹೋದ ಸಾಮ್ರಾಜ್ಯದ ಸಾರ್ವಜನಿಕ ಟಿ.ವಿ.ಯಲ್ಲಿ, ಶಾಲೆಯ ಮಕ್ಕಳು ತಂದೆತಾಯಿಯ ಜೊತೆ ಕೂತು ನೋಡುವ ಹೊತ್ತಿನಲ್ಲಿ ವಿಭಜನೆಯ ಕಥೆ ಹೇಳಿದ್ದು ದೊಡ್ಡ ಕೆಲಸ.

ಒಡೆದ ಗಡಿಯಾರ ಯಾಸ್ಮಿನ್‌ಳ ಕೈಯಲ್ಲಿ ಅಮಾನತ್ತಾಗಿ ಉಳಿಯಿತು. ಧಾರಾವಾಹಿ ಅದನ್ನು ಮರೆಯಿತು. ಮುಂದಿನ ವರ್ಷಗಳಲ್ಲಿ ಆಕೆಯ ಕಥೆ ಬೇರೆ ಕಡೆ ಹೊರಳಿತು. ಆಗ ಡಾಕ್ಟರ್ ಹೆಣ್ಣಿನ ರೂಪದಲ್ಲಿದ್ದಳು. ಯಾಸ್ಮಿನ್‌ಗೆ ಆಕೆಯ ಮೇಲಿರುವುದು ಪ್ರೇಮವೆಂದು 2022ರಲ್ಲಿ ಸ್ಪಷ್ಟಪಡಿಸಲಾಯಿತು. ಅಭಿಮಾನಿಗಳಲ್ಲಿ ಒಂದು ಗುಂಪು ಇದನ್ನು ಬಯಸಿತ್ತು, ಸಂಭ್ರಮಿಸಿತು. ಇನ್ನೊಂದು ಗುಂಪು ಅಸಮಾಧಾನಗೊಂಡಿತು. ನಮ್ಮ ಓದುಗರಲ್ಲಿ ಹೆಚ್ಚಿನವರ ಅಭಿಪ್ರಾಯ ಏನಿರಬಹುದೆಂದು ಊಹಿಸುವುದು ಕಷ್ಟವಲ್ಲ. ವಿಮರ್ಶೆಯಾಗಿ ನಾವು ಕೇಳುವ ಪ್ರಶ್ನೆ ಬೇರೆ. ಮಸೀದಿಗೆ ಹೋಗುತ್ತಿದ್ದ ಹುಡುಗಿಯೊಬ್ಬಳ ಎದೆಯಲ್ಲಿ ಇಂತಹದೊಂದು ಎದ್ದಾಗ ಅವಳು ತನ್ನೊಡನೆ ತಾನು ಏನು ಮಾತನಾಡಿಕೊಂಡಳು? ತನ್ನ ರಬ್ಬಿನ ಜೊತೆ ಏನು ಮಾತನಾಡಿದಳು? ತಾಯಿಗೆ ಹೇಳಿದಳೇ, ಬಚ್ಚಿಟ್ಟಳೇ? ಒಂದು ಸಂಕಟದ ಮಾತೂ ಇಲ್ಲ, ಒಂದು ನಿರಾಳದ ಮಾತೂ ಇಲ್ಲ. ಆಕೆಯ ನಂಬಿಕೆ ಅಡ್ಡಿಯಾಗಿ ಕೂಡ ಕಾಣಲಿಲ್ಲ. ಅದು ಇರಲೇ ಇಲ್ಲವೆಂಬಂತೆ ಕಥೆ ನಡೆಯಿತು. ಮುಸ್ಲಿಂ ಹೆಸರನ್ನು ಒಳಗೆ ಕರೆದು, ಅದರೊಳಗಿನ ಬದುಕನ್ನು ಹೊರಗೆ ನಿಲ್ಲಿಸುವ ಈ ರೀತಿ ಬ್ರಿಟಿಷ್ ಟಿ.ವಿ.ಗೆ ಮಾತ್ರ ಸೀಮಿತವಲ್ಲ.

2022ರ ಅಕ್ಟೋಬರ್ 23ರಂದು, ಸಾರಾ ಹೋದ ದಿನಕ್ಕೆ ಸರಿಯಾಗಿ ನಲವತ್ತಾರು ವರ್ಷಗಳ ನಂತರ, ಯಾಸ್ಮಿನ್ ಕೂಡ ಇಳಿದಳು. ಆ ಕಂತಿನ ಕೊನೆಯ ಭಾಗದಲ್ಲಿ ಒಂದು ಅಪೂರ್ವ ದೃಶ್ಯವಿದೆ. ಹಳೆಯ ಒಡನಾಡಿಗಳು ಒಂದು ಕೋಣೆಯಲ್ಲಿ ಕುರ್ಚಿಗಳನ್ನು ವೃತ್ತವಾಗಿಟ್ಟುಕೊಂಡು ಕೂತಿದ್ದಾರೆ. ಬೇರೆ ಯಾರೂ ನಂಬದ ಅನುಭವವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಸೇರಿದವರು. ಅವರಲ್ಲಿ 1963ರ ಮೊದಲ ಕಂತಿನ ಮಾಸ್ತರ್ ಇಯಾನ್ ಕೂಡ ಇದ್ದಾರೆ. ಆ ಪಾತ್ರ ಮಾಡಿದ ವಿಲಿಯಂ ರಸೆಲ್ 1965ರಲ್ಲಿ ಧಾರಾವಾಹಿ ಬಿಟ್ಟವರು, 57 ವರ್ಷಗಳ ನಂತರ ಅದೇ ಪಾತ್ರಕ್ಕೆ ಮರಳಿ ಗಿನ್ನೆಸ್ ದಾಖಲೆ ಸೇರಿದರು. 2024ರ ಜೂನಿನಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡರು. ಅಭಿಮಾನಿಗಳು ದಶಕಗಳಿಂದ ಕಲ್ಪಿಸಿಕೊಂಡಿದ್ದ ಕೂಟವನ್ನು ಆ ದೃಶ್ಯ ನಿಜ ಮಾಡಿತು. ಡಾಕ್ಟರ್ ಬರುತ್ತಾನೆಂದು ಅಲ್ಲಿ ಯಾರೂ ಕಾಯುತ್ತಿಲ್ಲ. ಬಿಟ್ಟುಹೋಗಲ್ಪಟ್ಟವರು ತಮ್ಮದೇ ಒಂದು ಜಮಾಅತ್ ಕಟ್ಟಿಕೊಂಡಿದ್ದಾರೆ. ನಮ್ಮ ದೃಷ್ಟಿಯಲ್ಲಿ ಎಲ್ಲ ಮರಳುವಿಕೆಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಇದೇ. ಯಾಸ್ಮಿನ್ ಅಲ್ಲಿ ಕೂತಿದ್ದಾಳೆ. ಆದರೆ ಆಕೆಯ ಕಥೆಯನ್ನು ಹೇಳುವ ಸರದಿ ಬರುವ ಮೊದಲೇ ದೃಶ್ಯ ಮುಗಿಯುತ್ತದೆ. 2025ರ ಮೇ 31ರ ಕಂತಿನಲ್ಲಿ ಆ ಕಾಲದ ಡಾಕ್ಟರ್ ಒಂದು ಗಳಿಗೆ ಬಂದುಹೋದಾಗ ಯಾಸ್ಮಿನ್‌ಳ ಹೆಸರು ಮಾತಿನಲ್ಲಿ ಬಂತು, ಆಕೆ ಬರಲಿಲ್ಲ.

ಅದೇ ಕಂತಿನ ಕೊನೆಯಲ್ಲಿ ಡಾಕ್ಟರನ ರೂಪ ಬದಲಾದಾಗ ಕಂಡದ್ದು ರೋಸ್ ಪಾತ್ರ ಮಾಡಿದ್ದ ಬಿಲ್ಲಿ ಪೈಪರ್ ಅವರ ಮುಖ. ಅಭಿಮಾನಿಗಳ ನಡುವೆ ಮತ್ತೆ ಬಿಸಿ ಚರ್ಚೆ ಎದ್ದಿತು. ಮರಳಿದ್ದು ಒಡನಾಡಿಯೋ, ಬರೀ ಮುಖವೋ? ಆದರೆ ಅದೇ ವರ್ಷ ಇನ್ನೊಂದು ಮರಳುವಿಕೆ ಅರ್ಧಕ್ಕೇ ನಿಂತುಹೋದದ್ದು ನಮಗೆ ಹೆಚ್ಚು ಮುಖ್ಯವೆನಿಸುತ್ತದೆ. ಧಾರಾವಾಹಿಯ ಮೊಟ್ಟಮೊದಲ ಒಡನಾಡಿ ಸೂಸನ್, ಡಾಕ್ಟರನ ಮೊಮ್ಮಗಳು. 1964ರ ಡಿಸೆಂಬರಿನಲ್ಲಿ, ಆಕೆ ಭೂಮಿಯಲ್ಲಿ ಮನೆ ಮಾಡಿಕೊಂಡು ಬಾಳಲೆಂದು ಟಾರ್ಡಿಸ್ ಬಾಗಿಲು ಹಾಕಿಕೊಂಡು ಅಜ್ಜ ಹೊರಟುಹೋದ. ಒಂದು ದಿನ ಮರಳಿ ಬರುತ್ತೇನೆ ಎಂದು ಮಾತು ಕೊಟ್ಟಿದ್ದ. 1983ರ ಹಬ್ಬದ ಕಂತಿನಲ್ಲಿ ಸೂಸನ್ ಕಾಣಿಸಿಕೊಂಡಳು, ಆದರೆ ಅವರಿಬ್ಬರ ನಡುವೆ ಆ ಮಾತಿನ ವಿಚಾರ ಬರಲಿಲ್ಲ. 2025ರ ಮೇ ತಿಂಗಳಲ್ಲಿ 84ನೇ ವಯಸ್ಸಿನ ಕ್ಯಾರಲ್ ಆನ್ ಫೋರ್ಡ್ ಅದೇ ಪಾತ್ರವಾಗಿ ಡಾಕ್ಟರನ ಕಣ್ಣಿಗೆ ಕನಸಿನಂತೆ ಕಂಡರು. ಅಜ್ಜನನ್ನು ಕರೆದರು. ಅಭಿಮಾನಿಗಳು ಉಸಿರು ಬಿಗಿಹಿಡಿದು ಕಾದರು. ಆ ಸರಣಿ ಮುಗಿಯಿತು, ಅವರಿಬ್ಬರ ಭೇಟಿ ಆಗಲಿಲ್ಲ. ಹಳೆಯ ಮುಖ ತೋರಿಸಿ ಮಾತು ನಡೆಸಿಕೊಡದಿದ್ದರೆ ಅದು, ಮೇಲೆ ನಾವು ಹೇಳಿದ ಅಳತೆಯಲ್ಲಿ, ಓಲೈಕೆಯಾಗಿಯೇ ಉಳಿಯುತ್ತದೆ.

ಆ ಮೊದಲ ಕಥೆಯನ್ನು 1963ರಲ್ಲಿ ನಿರ್ದೇಶಿಸಿದವರು ವಾರಿಸ್ ಹುಸೇನ್. 1938ರಲ್ಲಿ ಲಖನೌದಲ್ಲಿ ಹುಟ್ಟಿದವರು, ಇಂಗ್ಲಿಷ್ ಕಾದಂಬರಿಗಾರ್ತಿ ಅತಿಯಾ ಹುಸೇನ್ ಅವರ ಮಗ. 1947ರಲ್ಲಿ ಇಂಗ್ಲೆಂಡಿಗೆ ಹೋದ ಆ ತಾಯಿ ಅಲ್ಲಿಯೇ ನೆಲೆಸಿ, ಕಳೆದುಹೋದ ಲಖನೌವನ್ನು ತನ್ನ 1961ರ ಕಾದಂಬರಿಯಲ್ಲಿ ಬರೆದರು. ತನ್ನ ಲೋಕಕ್ಕೆ ಮರಳಲಾಗದ ಅಜ್ಜ ಮೊಮ್ಮಗಳ ಕಥೆಯನ್ನು ಮೊದಲು ತೆರೆಗೆ ತಂದವರು, ತನ್ನ ಊರು ಹಿಂದೆ ಉಳಿದುಹೋದ ಮನೆಯೊಂದರ ಮಗ. ಕಥೆ ಬರೆದವರು ಬೇರೆಯವರು. ಹಾಗಾಗಿ ಇದರಿಂದ ದೊಡ್ಡ ಸಿದ್ಧಾಂತ ಕಟ್ಟುವ ಅಗತ್ಯವಿಲ್ಲ. ಆದರೆ ಧಾರಾವಾಹಿಗೆ ಮುಸ್ಲಿಮರನ್ನು ತುರುಕುತ್ತಿದ್ದಾರೆ ಎಂದು ಯಾಸ್ಮಿನ್ ಬಂದಾಗ ಗೊಣಗಿದವರಿಗೆ ಇಷ್ಟನ್ನು ನೆನಪಿಸಬಹುದು. ಬಾಗಿಲು ತೆರೆದ ಮೊದಲ ದಿನವೇ ಅಲ್ಲಿ ಒಬ್ಬ ಹುಸೇನ್ ಇದ್ದರು.

ಅಭಿಮಾನಿಗಳ ತಕರಾರಿನಲ್ಲಿ ಅತಿಯಿದೆ, ಹಟವಿದೆ, ಕೆಲವೊಮ್ಮೆ ಹೊಸಬರ ಮೇಲೆ ಅಸಹನೆಯೂ ಇದೆ. ಆದರೆ ಅವರು ಸಾರಾಳಿಗಾಗಿ ಮೂವತ್ತು ವರ್ಷ, ಡಾನಾಳಿಗಾಗಿ ಹದಿನೈದು ವರ್ಷ ಕೇಳುತ್ತಲೇ ಇದ್ದುದರಿಂದ ಉತ್ತರ ಬಂತು. ಅದೇ ಹಟದಿಂದ ಮಾರ್ತಾಳಿಗಾಗಿಯೂ ಯಾಸ್ಮಿನ್‌ಗಾಗಿಯೂ ಕೇಳುವರೇ ಎಂಬುದು ಅವರ ಅಭಿಮಾನಕ್ಕಿರುವ ಪರೀಕ್ಷೆ. ಯಾಸ್ಮಿನ್ ಎಂದಾದರೂ ಮರಳಿದರೆ ಆಕೆ ಯಾರನ್ನು ಪ್ರೀತಿಸಿದಳೆಂಬುದನ್ನು ಮಾತ್ರ ಕೇಳಿದರೆ ಸಾಲದು. ನಾನಿ ಕೊಟ್ಟ ಗಡಿಯಾರ ಎಲ್ಲಿದೆ, ಪ್ರೇಮ್‌ನ ಸಾವನ್ನು ಕಂಡುಬಂದ ಮೇಲೆ ಆಕೆ ನಾನಿಯ ಬಳಿ ಕೂತು ಏನು ಮಾತನಾಡಿದಳು, ಶೆಫೀಲ್ಡ್‌ನ ಆ ಮಸೀದಿಯ ದಾರಿಯಲ್ಲಿ ಈಗಲೂ ನಡೆಯುತ್ತಾಳೆಯೇ ಎಂದೂ ಯಾರಾದರೂ ಕೇಳಬೇಕು.